ಗಾನಯೋಗಿ ಪಂಚಾಕ್ಷರ ಗವಾಯಿಗಳು

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಗ್ರಾಮ. ಅಲ್ಲಿಯ ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ 1892ರಲ್ಲಿ ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿರಲಿಲ್ಲ. ಸೋದರನಾದ ಗುರುಬಸಯ್ಯನೂ ಅಂಧನೇ. ಹಳ್ಳಿಯ ಕುರುಡು ಮಕ್ಕಳಿಗೆ ಶಾಲೆಯಾಗಲಿ ಕಸುಬಾಗಲಿ ದೊರೆಯದಿದ್ದ ಕಾಲವದು. ಭಿಕ್ಷಾಪಾತ್ರೆಯೊಂದೇ ಸಮಾಜವು ಅವರಿಗೆ ತೋರಿಸುತ್ತಿದ್ದ ದಾರಿ. ಆದರೆ ಈ ಸೋದರರಿಗೆ ಇಂಪಾದ ಕಂಠವಿತ್ತು. ಅವರ ಹಾಡನ್ನು ಆಲಿಸಿದ ಹಾನಗಲ್ಲು ಕುಮಾರಸ್ವಾಮಿಗಳು ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು.

ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾದರು. ಅವರು ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಅಷ್ಟಕ್ಕೆ ತೃಪ್ತರಾಗದೆ ನೀಲಕಂಠಬುವಾ ಮಿರಜಕರ ಹಾಗೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಕಲಿತರು. ರಾಗವೊಂದನ್ನು ಸಾವಧಾನವಾಗಿ, ಸ್ವರಸ್ವರವಾಗಿ ಅರಳಿಸುವುದು ಆ ಘರಾಣೆಯ ರೀತಿ. ಗದಗಿಗೆ ನೆರೆಯ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರೂ ಇದೇ ಘರಾಣೆಯವರೆಂಬುದನ್ನು ಇಲ್ಲಿ ನೆನೆಯಬಹುದು. ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಗವಾಯಿಗಳನ್ನು ಜನರು ಉಭಯಗಾನ ವಿಶಾರದರೆಂದು ಗೌರವಿಸಿದರು.

ಇಂಥ ವಿದ್ವಾಂಸರು ಕೀರ್ತಿಯನ್ನೂ ಧನವನ್ನೂ ಅರಸಿ ಹೋಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಸಂಗೀತ ಪಾಠಶಾಲೆಯನ್ನು ನಡೆಸಿದರು. ಬಹುಕಾಲ ಅದಕ್ಕೆ ಸ್ವಂತದ ಸೂರೇ ಇರಲಿಲ್ಲ. ಗುರುವಿನೊಡನೆ ಶಿಷ್ಯರೂ ಊರಿಂದೂರಿಗೆ ಸಂಚರಿಸುತ್ತಿದ್ದರು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಅಷ್ಟು ಮಕ್ಕಳ ಹೊಟ್ಟೆ ತುಂಬಿಸುವುದೇನು ಸಾಮಾನ್ಯವೆ? ಭಕ್ತರ ಕಾಣಿಕೆ ಸಾಲದಾದಾಗ ನಾಟಕ ಮಂಡಳಿಯನ್ನು ಕಟ್ಟಿದರು. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜರು ಈ ಕಾರ್ಯದಲ್ಲಿ ಅವರಿಗೆ ಬಲಗೈಯಾದರು. ಕಡೆಗೆ ಗದಗಿನ ಬಸರಿಗಿಡದ ವೀರಪ್ಪನವರು ಸ್ಥಳವನ್ನು ದಾನವಾಗಿತ್ತಾಗ ವೀರೇಶ್ವರ ಪುಣ್ಯಾಶ್ರಮವು ಒಂದೆಡೆ ನೆಲೆಗೊಂಡಿತು.

ಗವಾಯಿಗಳ ಗುರುತನವನ್ನು ಅರಿಯಲು 1936ರ ಒಂದು ಪ್ರಸಂಗವೇ ಸಾಕು. ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿತು. ಅಂದು ಹಾಡಲು ಕುಳಿತವನು ಹದಿಹರೆಯದ ಶಿಷ್ಯ ಬಸವರಾಜ ರಾಜಗುರು. ಗುರು ಹಾಡುವಾಗ ಶಿಷ್ಯನು ಹಿಂದೆ ಕುಳಿತು ಶ್ರುತಿ ಹಿಡಿಯುವುದು ರೂಢಿ. ಇಲ್ಲಿ ಗುರುವೇ ತಬಲಾ ನುಡಿಸುತ್ತ ಶಿಷ್ಯನ ಪಕ್ಕದಲ್ಲಿ ಕುಳಿತಿದ್ದರು. ಆ ಹುಡುಗನು ಮುಂದೆ ಭಾರತದ ಶ್ರೇಷ್ಠ ಗಾಯಕರಲ್ಲಿ ಒಬ್ಬನಾದನು.

1944ರಲ್ಲಿ ಗವಾಯಿಗಳು ಗದಗಿನಲ್ಲಿ ಲಿಂಗೈಕ್ಯರಾದರು. ಆಶ್ರಮದ ಹೊಣೆಯು ಪುಟ್ಟರಾಜರ ಹೆಗಲಿಗೆ ಬಂದಿತು. 2010ರಲ್ಲಿ ಕಾಲವಾಗುವವರೆಗೆ, ಅರುವತ್ತಾರು ವರ್ಷಗಳ ಕಾಲ, ಅವರು ಅದನ್ನು ಇಳಿಸಲಿಲ್ಲ.