ನಂಬಿದ ಚಿಕಿತ್ಸೆಯನ್ನೇ ಪರೀಕ್ಷೆಗೆ ಒಡ್ಡಿದ ಹಕೀಮ: ಅಲ್ ರಾಝಿ

ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ ರೋಗಿಯನ್ನು ಕರೆದುಕೊಂಡು ಹೋದರೆ ಮೊದಲು ನೋಡುವುದು ಡ್ಯೂಟಿಯಲ್ಲಿರುವ ಕಿರಿಯ ವೈದ್ಯರು. ಅವರಿಗೆ ಗೊತ್ತಾಗದಿದ್ದರೆ ಹಿರಿಯರು ಬರುತ್ತಾರೆ. ಸುಮಾರು 1,100 ವರ್ಷಗಳ ಹಿಂದೆ ಇರಾನಿನ ರಯ್ ನಗರದಲ್ಲೂ ಹೀಗೇ ನಡೆಯುತ್ತಿತ್ತು. ಹಕೀಮರ ಸುತ್ತ ಶಿಷ್ಯರು ಸಾಲುಸಾಲಾಗಿ ಕೂರುತ್ತಿದ್ದರು. ರೋಗಿ ಮೊದಲು ಹೊರಗಿನ ಸಾಲಿನವರಿಗೆ ತನ್ನ ಕಷ್ಟ ಹೇಳಬೇಕು. ಅವರಿಂದ ಆಗದಿದ್ದರೆ ಒಳಗಿನ ಸಾಲು. ಯಾರಿಗೂ ಬಗೆಹರಿಯದಿದ್ದರೆ ಕೊನೆಗೆ ಹಕೀಮರೇ ನೋಡುತ್ತಿದ್ದರು. ಅವರೇ ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ಅಲ್ ರಾಝಿ.

ಹಿಜರಿ 251ರಲ್ಲಿ, ಅಂದರೆ ಕ್ರಿ.ಶ. 865ರಲ್ಲಿ ರಯ್‌ನಲ್ಲಿ ಅವರ ಜನನ. ಊರಿನ ಹೆಸರಿನಿಂದಲೇ ‘ರಾಝಿ’ ಆದರು. ಯೌವನದಲ್ಲಿ ಸಂಗೀತ, ರಸವಿದ್ಯೆ ಅಂತ ತಿರುಗಿದವರು. ನಾಣ್ಯ ವಿನಿಮಯದ ವ್ಯಾಪಾರ ಮಾಡಿದ್ದರು ಎಂದೂ ಹೇಳುತ್ತಾರೆ. ವೈದ್ಯಕೀಯಕ್ಕೆ ಬಂದದ್ದು ತಡವಾಗಿ. ಆದರೂ ರಯ್ ಮತ್ತು ಬಗ್ದಾದ್ ಎರಡೂ ಕಡೆ ಆಸ್ಪತ್ರೆಯ ಮುಖ್ಯಸ್ಥರಾದರು. ಬಡ ರೋಗಿಗಳನ್ನು ಸ್ವಂತ ಖರ್ಚಿನಲ್ಲಿ ನೋಡಿಕೊಳ್ಳುತ್ತಿದ್ದರಂತೆ.

ಅವರ ನಿಜವಾದ ಬಂಡವಾಳ ಟಿಪ್ಪಣಿ. ಅಂಗಡಿಯವನು ದಿನವಹಿ ಬರೆದಂತೆ ಅವರು ರೋಗಿಗಳ ವಿವರ ಬರೆದಿಡುತ್ತಿದ್ದರು. ಯಾರಿಗೆ ಯಾವ ಲಕ್ಷಣ, ಏನು ಕೊಟ್ಟದ್ದು, ಕೊನೆಗೆ ಏನಾಯಿತು, ಎಲ್ಲವೂ ಅದರಲ್ಲಿ ಇರುತ್ತಿತ್ತು.

ಆ ಕಾಲದಲ್ಲಿ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದೇ ಕೊನೆಯ ಮಾತು. ರಾಝಿಯವರಿಗೂ ಅವರು ಗುರುಸಮಾನ. ಆದರೆ ಜ್ವರ ಏರಿಳಿಯುವ ಬಗ್ಗೆ ಗ್ಯಾಲೆನ್ ಬರೆದದ್ದು ಆಸ್ಪತ್ರೆಯಲ್ಲಿ ತಾವು ಕಂಡದ್ದಕ್ಕೆ ತಾಳೆಯಾಗಲಿಲ್ಲ. ರಾಝಿ ಸುಮ್ಮನಿರಲಿಲ್ಲ, ಗ್ಯಾಲೆನ್ ಕುರಿತ ಸಂಶಯಗಳನ್ನೇ ಒಂದು ಪುಸ್ತಕ ಮಾಡಿದರು. ಸಿಡುಬು ಮತ್ತು ದಡಾರದ ಲಕ್ಷಣಗಳನ್ನು ಬೇರೆಬೇರೆಯಾಗಿ ಗುರುತಿಸಿ ಬರೆದ ಅವರ ಪುಸ್ತಕವೂ ಹೀಗೆ ಕಣ್ಣಾರೆ ಕಂಡದ್ದರ ಫಲ. ಪಾದರಸದ ಪರಿಣಾಮ ತಿಳಿಯಲು ಮೊದಲು ಒಂದು ಕೋತಿಗೆ ಕೊಟ್ಟು ನೋಡಿದ್ದೂ ಅವರ ಬರಹದಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಸಿರ್ಸಾಮ್’ ಎಂಬ ಮೆದುಳಿನ ಉರಿಯೂತದ ವಿಷಯ. ತಲೆ, ಕುತ್ತಿಗೆ ಭಾರವಾಗಿ ನೋಯುವುದು, ಬೆಳಕು ನೋಡಲಾಗದಿರುವುದು, ನಿದ್ದೆ ಬಾರದಿರುವುದು ಅದರ ಮುನ್ಸೂಚನೆಗಳು. ಆಗ ರಕ್ತ ತೆಗೆಯುವುದು ರೂಢಿಯ ಚಿಕಿತ್ಸೆ. ಅದರಿಂದ ನಿಜಕ್ಕೂ ಗುಣವಾಗುತ್ತದೆಯೇ? ರಾಝಿ ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆದರು, ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಯಲಿಲ್ಲ. ತೆಗೆಯದವರಿಗೆಲ್ಲ ಸಿರ್ಸಾಮ್ ಬಂತು, ಆದ್ದರಿಂದ ರಕ್ತ ತೆಗೆಯುವುದೇ ಸರಿ ಎಂದು ಬರೆದರು.

ಇಂದಿನ ವೈದ್ಯಕೀಯ ಈ ತೀರ್ಮಾನವನ್ನು ಒಪ್ಪುವುದಿಲ್ಲ. ಮೆದುಳಿನ ಉರಿಯೂತಕ್ಕೆ ಈಗ ಯಾರೂ ರಕ್ತ ತೆಗೆಯುವುದಿಲ್ಲ. ಯಾರನ್ನು ಯಾವ ಗುಂಪಿಗೆ ಹಾಕಬೇಕೆಂದು ವೈದ್ಯರೇ ಆರಿಸಿದರೆ ಫಲಿತಾಂಶ ವಾಲಿಬಿಡುತ್ತದೆ, ಅದಕ್ಕೇ ಈಗ ಚೀಟಿ ಎತ್ತಿದ ಹಾಗೆ ಗುಂಪು ಮಾಡುತ್ತಾರೆ. ಚಿಕಿತ್ಸೆ ಸಿಗದವರ ಜೀವದ ಪ್ರಶ್ನೆಯೂ ಇದೆ. ಆದ್ದರಿಂದ ರೋಗಿಯ ಒಪ್ಪಿಗೆ, ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲದೆ ಈಗ ಇಂಥ ಪ್ರಯೋಗ ನಡೆಸುವ ಹಾಗಿಲ್ಲ. ಪ್ರಜ್ಞೆ ಇಲ್ಲದ ರೋಗಿ ಬರುವ ಎಮರ್ಜೆನ್ಸಿ ವಿಭಾಗದಲ್ಲಂತೂ ಇದು ಇನ್ನೂ ಕಷ್ಟದ ವಿಷಯ. ಆದರೆ ರಾಝಿಯವರ ಉತ್ತರ ತಪ್ಪಾದರೂ ಕೇಳಿದ ಪ್ರಶ್ನೆ ಸರಿಯಿತ್ತು. ಚಿಕಿತ್ಸೆ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ನೋಡಬೇಕು ಎಂಬುದರ ಮೇಲೆಯೇ ಇಂದಿನ ಔಷಧ ಪರೀಕ್ಷೆಗಳು ನಿಂತಿವೆ.

ಬಗ್ದಾದಿನ ಅಝುದಿ ಆಸ್ಪತ್ರೆಗೆ ಜಾಗ ಹುಡುಕಲು ರಾಝಿ ಊರಿನ ಹಲವು ಕಡೆ ಮಾಂಸದ ತುಂಡು ತೂಗುಹಾಕಿ, ಅದು ತಡವಾಗಿ ಕೊಳೆತ ಜಾಗವನ್ನು ಆರಿಸಿದರು ಎಂಬ ಕಥೆ ಬಹಳ ಓಡಾಡುತ್ತದೆ. ಆದರೆ ಆ ಆಸ್ಪತ್ರೆ ತೆರೆದದ್ದು ರಾಝಿ ತೀರಿಕೊಂಡು 50 ವರ್ಷಕ್ಕೂ ಹೆಚ್ಚು ಕಾಲದ ನಂತರ. ಏನನ್ನೂ ಪರೀಕ್ಷಿಸದೆ ನಂಬದ ಮನುಷ್ಯನ ಬಗ್ಗೆ ಬರೆಯುವಾಗ ಕಥೆಯನ್ನೂ ಪರೀಕ್ಷಿಸಬೇಕಲ್ಲವೇ?

ಕೊನೆಗಾಲದಲ್ಲಿ ಅವರ ಕಣ್ಣು ಹೋಯಿತು. ಹಿಜರಿ 313ರಲ್ಲಿ, ಕ್ರಿ.ಶ. 925ರಲ್ಲಿ ರಯ್‌ನಲ್ಲೇ ನಿಧನರಾದರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನೆಲ್ಲ ಸೇರಿಸಿ ‘ಅಲ್ ಹಾವಿ’ ಎಂಬ ಬೃಹತ್ ಗ್ರಂಥವಾಯಿತು. 1279ರಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾಗಿ, 1486ರಲ್ಲಿ ಇಟಲಿಯಲ್ಲಿ ಅಚ್ಚಾಯಿತು.

ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದುವ ಯುವಜನರು ರಾಝಿಯವರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ಕಂಡದ್ದನ್ನು ಬರೆದಿಡುವುದು, ದೊಡ್ಡವರು ಹೇಳಿದ್ದನ್ನೂ ಗೌರವದಿಂದಲೇ ಪರೀಕ್ಷಿಸುವುದು, ಈ ಎರಡು ಅಭ್ಯಾಸ ಬೆಳೆಸಿಕೊಂಡರೆ ಅದೇ ಅವರಿಗೆ ಸಲ್ಲಿಸುವ ಗೌರವ.