ವಿದ್ಯಾದಾಸೋಹದ ಕುಮಾರಯೋಗಿಗಳು

ಅನ್ನವು ಒಂದು ಹೊತ್ತಿನ ಹಸಿವನ್ನು ಹಿಂಗಿಸುವುದು. ವಿದ್ಯೆಯಾದರೋ ಕಲಿತವನನ್ನೂ ಅವನಿಂದ ಕಲಿಯುವವರನ್ನೂ ಪೊರೆಯುವುದು. ಈ ತತ್ತ್ವವನ್ನು ತಮ್ಮ ಬಾಳಿನಿಂದಲೇ ತೋರಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು.

ಶ್ರೀಗಳವರು 1867ರಲ್ಲಿ ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯ ಬಡ ಜಂಗಮ ಮನೆತನದಲ್ಲಿ ಜನಿಸಿದರು. ಹಾಲಯ್ಯನೆಂಬುದು ಪೂರ್ವಾಶ್ರಮದ ನಾಮ. ಲಿಂಗದಹಳ್ಳಿಯಲ್ಲಿ ಕೆಲಕಾಲ ಮಕ್ಕಳಿಗೆ ಅಕ್ಷರ ಕಲಿಸಿ, ಬಳಿಕ ಮನೆಯನ್ನು ತೊರೆದು ವೈರಾಗ್ಯಮಾರ್ಗವನ್ನು ಹಿಡಿದರು. ಮುಂದೆ ಹಾನಗಲ್ಲ ವಿರಕ್ತಮಠದ ಅಧಿಕಾರವನ್ನು ವಹಿಸಿದರು. ಕಾವಿಯನ್ನುಟ್ಟರೂ ಅವರೊಳಗಿನ ಶಿಕ್ಷಕನು ಮರೆಯಾಗಲಿಲ್ಲ.

ಆ ಕಾಲದ ಮಠಗಳಿಗೆ ಭೂಮಿಕಾಣಿಯಿತ್ತು, ಭಕ್ತರ ಕಾಣಿಕೆಯಿತ್ತು. ಆದರೆ ಪೀಠವನ್ನೇರುವ ಮರಿಗಳಿಗೆ ಕ್ರಮವಾದ ಶಾಸ್ತ್ರಾಭ್ಯಾಸವು ವಿರಳವಾಗಿತ್ತು. ಕಲಿಸಬೇಕಾದವನೇ ಕಲಿಯದಿದ್ದರೆ ಭಕ್ತನಿಗೆ ದಾರಿ ತೋರುವವರಾರು? ಈ ಚಿಂತೆಯೇ ಶ್ರೀಗಳವರನ್ನು ಕಾರ್ಯಕ್ಕೆ ತೊಡಗಿಸಿತು. 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದ ಅವರು, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳು ಸಂಸ್ಕೃತ, ಕನ್ನಡ, ಯೋಗ, ಲಿಂಗಪೂಜೆಗಳನ್ನು ಅಭ್ಯಸಿಸಿದರು. ಗೋಶಾಲೆಯೂ ವಿಭೂತಿ ತಯಾರಿಕೆಯೂ ಅಲ್ಲಿಯೇ ನಡೆದವು; ತಾಳೆಯೋಲೆಗಳ ಸಂಗ್ರಹವೂ ಆಯಿತು. ಓದು ಕಾಯಕದಿಂದ ಬೇರೆಯಾಗಲಿಲ್ಲ.

ಗದಿಗೆಯ್ಯ, ಗುರುಬಸವಯ್ಯರೆಂಬ ಅಂಧ ಸಹೋದರರನ್ನು ಶ್ರೀಗಳವರು ಕರೆತಂದು ಸಂಗೀತ ಶಿಕ್ಷಣ ಕೊಡಿಸಿದರು. ಲೋಕವು ಮರುಕಪಟ್ಟು ಬಿಟ್ಟುಬಿಡುತ್ತಿದ್ದ ಬಾಲಕರಲ್ಲಿ ಅವರು ವಿದ್ಯೆಯ ಪಾತ್ರತೆಯನ್ನು ಕಂಡರು. ಆ ಗದಿಗೆಯ್ಯನೇ ಗದಗಿನ ಪಂಚಾಕ್ಷರಿ ಗವಾಯಿಗಳಾಗಿ, ಅನೇಕ ಅಂಧ ಬಾಲಕರಿಗೆ ಗುರುವಾದರು. ಪುಟ್ಟರಾಜ ಗವಾಯಿಗಳು ಅವರ ಶಿಷ್ಯರು. ಒಬ್ಬನಿಗೆ ಕಲಿಸಿದ ವಿದ್ಯೆಯು ಹೀಗೆ ಪರಂಪರೆಯಾಯಿತು.

ನಮ್ಮ ಹುಲಿಹೈದರ, ಗಂಗಾವತಿ, ಕುಷ್ಟಗಿ ಸೀಮೆಗಳು 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದವು. ರಾಜ್ಯಭಾಷೆಯು ಉರ್ದು, ಉಚ್ಚಶಿಕ್ಷಣವೂ ಉರ್ದುವಿನಲ್ಲಿಯೇ. ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದಾದಾಗ ರೈತನ ಮಗನಿಗೆ ಶಾಲೆಯ ಹೊಸ್ತಿಲು ಎತ್ತರವಾಗುವುದು ಸಹಜ. ಅಂತಹ ದಿನಗಳಲ್ಲಿ ಗಡಿಯಾಚೆಯ ಬಾದಾಮಿ ಸೀಮೆಯಲ್ಲಿ ಕನ್ನಡ-ಸಂಸ್ಕೃತಗಳ ಜ್ಯೋತಿಯು ಉರಿಯುತ್ತಿದ್ದುದು ಸಾಮಾನ್ಯ ಸಂಗತಿಯಲ್ಲ.

1930ರಲ್ಲಿ ಶ್ರೀಗಳವರು ಲಿಂಗೈಕ್ಯರಾದರು. ಅವರ ಗದ್ದುಗೆಯು ಶಿವಯೋಗಮಂದಿರದಲ್ಲಿದೆ.

ಶರಣಬಂಧುಗಳೇ, ಇಂದು ಹಳ್ಳಿಹಳ್ಳಿಗೂ ಶಾಲೆ ಬಂದಿದೆ. ಮಗುವು ಪಡೆದ ಅಂಕಗಳನ್ನು ಕೇಳುವೆವು. ಕಲಿತದ್ದನ್ನು ಯಾರಿಗೆ ಹಂಚಿತೆಂದು ಕೇಳುವೆವೇ? ಅರಿವು ಆಚಾರವಾಗದಿದ್ದರೆ, ಆಚಾರವು ದಾಸೋಹವಾಗದಿದ್ದರೆ, ವಿದ್ಯೆಯು ಕಣಜದಲ್ಲಿ ಮುಗ್ಗಿದ ಜೋಳದಂತೆ. ಮನೆಯಲ್ಲಿ ಓದುಬಲ್ಲ ಮಗುವು ನೆರೆಮನೆಯ ಓದುಬಾರದ ಮಗುವಿಗೆ ದಿನಕ್ಕೆ ನಾಲ್ಕಕ್ಷರ ಹೇಳಿಕೊಡಲಿ. ಕುಮಾರಯೋಗಿಗಳವರಿಗೆ ಗೃಹಸ್ಥನು ಸಲ್ಲಿಸಬಹುದಾದ ಪೂಜೆಯು ಇದೇ ಆಗಿದೆ.