ಪತ್ರದಿಂದ ಪತ್ರಕ್ಕೆ: ಡಾ. ಫ್ರಾನ್ಸಿಸ್ ಬುಕಾನನ್ ಅವರ ಜೀವನ

ಪತ್ರವೆಂಬ ಶಬ್ದಕ್ಕೆ ಎಲೆಯೆಂದೂ ಓಲೆಯೆಂದೂ ಎರಡು ಅರ್ಥಗಳುಂಟು. ತಾಳೆಯ ಗರಿಯ ಮೇಲೆ ಬರೆದ ನಮ್ಮ ಪೂರ್ವಿಕರಿಗೆ ಈ ಎರಡರ ನಡುವೆ ಭೇದವೇ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಪಶ್ಚಿಮದ ಕೆಲವು ವಿದ್ವಾಂಸರು ಒಣಗಿಸಿದ ಎಲೆಯನ್ನು ಓಲೆಯೊಡನೆ ಕಟ್ಟಿ ಸಮುದ್ರದಾಚೆಗೆ ಕಳುಹಿಸುತ್ತ, ಆ ಶಬ್ದದ ಉಭಯಾರ್ಥವನ್ನೂ ತಮಗರಿಯದೆಯೇ ಸಾರ್ಥಕಗೊಳಿಸಿದರು. ಅಮೆರಿಕೆಯ ಫಿಲಡೆಲ್ಫಿಯಾದ ಒಕ್ಕಲಿಗ ಜಾನ್ ಬಾರ್ಟ್ರಾಮ್ ಮತ್ತು ಲಂಡನ್ನಿನ ಬಟ್ಟೆಯ ವ್ಯಾಪಾರಿ ಪೀಟರ್ ಕಾಲಿನ್ಸನ್ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬೀಜಗಳನ್ನೂ ಕಾಗದಗಳನ್ನೂ ವಿನಿಮಯ ಮಾಡಿಕೊಂಡರು. ಆದರೆ ಒಬ್ಬರ ಮುಖವನ್ನೊಬ್ಬರು ಕಾಣಲೇ ಇಲ್ಲ. ಅದೇ ಪರಂಪರೆಗೆ ಸೇರಿ, ನಮ್ಮ ಕನ್ನಡ ನೆಲದಲ್ಲಿ ಊರೂರು ಅಲೆದ ಮಹನೀಯರೊಬ್ಬರ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಫ್ರಾನ್ಸಿಸ್ ಬುಕಾನನ್ ಅವರು 1762ರಲ್ಲಿ ಸ್ಕಾಟ್ಲೆಂಡ್ ದೇಶದಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1783ರಲ್ಲಿ ಪದವೀಧರರಾದರು. ಅಂದಿನ ವೈದ್ಯನಿಗೆ ಸಸ್ಯಜ್ಞಾನವು ಅನಿವಾರ್ಯವಾಗಿತ್ತು. ಮೂಲಿಕೆಯನ್ನರಿಯದವನು ಔಷಧವನ್ನು ಅರಿಯಲಾರನೆಂಬುದು ನಮ್ಮ ಆಯುರ್ವೇದದಂತೆ ಅವರಲ್ಲಿಯೂ ಮಾನ್ಯವಾಗಿದ್ದ ಮಾತು. ಅಲ್ಲಿ ಜಾನ್ ಹೋಪ್ ಎಂಬ ಗುರುಗಳು ಲಿನ್ನೇಯಸ್ ಮಹಾಶಯನ ಸಸ್ಯವರ್ಗೀಕರಣ ಪದ್ಧತಿಯನ್ನು ಬೋಧಿಸುತ್ತಿದ್ದರು. ಅದೇ ಗುರುಕುಲದ ಸಹಪಾಠಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಮುಂದೆ ಲಿನ್ನೇಯಸ್‌ನ ಸಂಗ್ರಹವನ್ನೇ ಕೊಂಡು, 1788ರಲ್ಲಿ ಲಂಡನ್ನಿನಲ್ಲಿ ಲಿನ್ನೇಯನ್ ಸೊಸೈಟಿಯನ್ನು ಸ್ಥಾಪಿಸಿದರು. ವಿದ್ಯಾರ್ಥಿದೆಸೆಯ ಆ ಸ್ನೇಹವು ಬುಕಾನನ್ ಅವರ ಪಾಲಿಗೆ ಕೊನೆಯವರೆಗೂ ಆಸರೆಯಾಯಿತು.

1794ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯವಿಭಾಗವನ್ನು ಸೇರಿ, ಮರುವರ್ಷವೇ ರಾಯಭಾರಿಗಳ ತಂಡದೊಡನೆ ಬರ್ಮಾದೇಶಕ್ಕೆ ತೆರಳಿದರು. ಅಲ್ಲಿ ಕಂಡ ವೃಕ್ಷವೊಂದನ್ನು ಅದರ ಬರ್ಮೀ ನಾಮಧೇಯದೊಡನೆ ವರ್ಣಿಸಿ ಪ್ರಕಟಿಸಿದರು. ಅದು ಮತ್ತಾವುದೂ ಅಲ್ಲ, ನಮ್ಮ ಮನೆಗಳಲ್ಲಿ ಹಬ್ಬದ ಸಿಹಿಗೆ ಹಾಕುವ ಚಾರೋಳಿಯ ಮರ! ಜರ್ಮನಿಯ ವಿದ್ವಾಂಸ ಸ್ಪ್ರೆಂಗೆಲ್ ಆ ಮರದ ಕುಲಕ್ಕೆ ಬುಕಾನಾನಿಯಾ ಎಂದು ನಾಮಕರಣ ಮಾಡಿದನು. ಬಳಿಕ ಪೂರ್ವಬಂಗಾಳದ ಲಕ್ಷ್ಮೀಪುರದಲ್ಲಿದ್ದಾಗ ಕಲಕತ್ತೆಯ ಸಸ್ಯೋದ್ಯಾನದ ಅಧಿಕಾರಿ ವಿಲಿಯಂ ರಾಕ್ಸ್‌ಬರ್ಗ್ ಅವರೊಡನೆ ಪತ್ರವ್ಯವಹಾರವು ಬೆಳೆಯಿತು. ಹಿರಿಯರಾದ ರಾಕ್ಸ್‌ಬರ್ಗ್ ಕಿರಿಯನ ಯೋಗ್ಯತೆಯನ್ನು ಮನಗಂಡು ಸರಕಾರಕ್ಕೆ ಶಿಫಾರಸು ಮಾಡಿದ್ದರಿಂದಲೇ 1798ರಲ್ಲಿ ಚಿತ್ತಗಾಂಗಿನ ಪರ್ಯಟನವು ಲಭಿಸಿತು.

ಇಂಥ ಪತ್ರವ್ಯವಹಾರವು ಎಷ್ಟು ಕಷ್ಟಸಾಧ್ಯವಾಗಿತ್ತೆಂಬುದನ್ನು ವಾಚಕರು ಊಹಿಸಬೇಕು. ಹೂವಿರುವ ಕೊಂಬೆಯನ್ನು ಕಾಗದದ ಪದರುಗಳ ನಡುವೆ ಒತ್ತಿ, ಮಳೆಗಾಲದಲ್ಲಿ ಬೂಸು ಹಿಡಿಯದಂತೆ ಕಾಗದವನ್ನು ಪದೇ ಪದೇ ಬದಲಿಸಿ, ದೊರೆತ ಸ್ಥಳ, ದಿನಾಂಕ, ದೇಶಭಾಷೆಯ ಹೆಸರುಗಳನ್ನು ಬರೆದಿಡಬೇಕಾಗಿತ್ತು. ಹಡಗು ಆಫ್ರಿಕೆಯನ್ನು ಬಳಸಿ ಇಂಗ್ಲೆಂಡನ್ನು ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದವು. ಹುಳು, ತೇವ, ಯುದ್ಧ, ನೌಕಾಘಾತ ಇವೆಲ್ಲವನ್ನೂ ದಾಟಿ ತಲುಪಿದ ಎಲೆಯೇ ಶಾಸ್ತ್ರಕ್ಕೆ ಪ್ರಮಾಣವಾಗುತ್ತಿತ್ತು. ಗುರುತಿನ ಚೀಟಿ ಕಳೆದುಹೋದರಂತೂ ಆ ಎಲೆಯು ಬರಿಯ ತರಗೆಲೆಯೇ ಸರಿ.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಅವರು ಬುಕಾನನ್ ಅವರನ್ನು ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳ ಸಮೀಕ್ಷೆಗೆ ನಿಯಮಿಸಿದರು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಅವರು ಶ್ರೀರಂಗಪಟ್ಟಣ, ಬೆಂಗಳೂರು, ಮಲಬಾರು, ಮಂಗಳೂರುಗಳನ್ನು ಹಾದು, ಘಟ್ಟವನ್ನೇರಿ ಸೋದೆ, ಬನವಾಸಿ, ಇಕ್ಕೇರಿ, ನಗರಗಳನ್ನು ನೋಡಿ, 1801ರಲ್ಲಿ ತುಂಗಭದ್ರೆಯ ತೀರದ ಹರಿಹರಕ್ಕೆ ಬಂದರು. ಅಡಕೆ, ಮೆಣಸು, ಶ್ರೀಗಂಧ, ರಾಗಿಯ ಬೇಸಾಯ, ಕಂಬಳಿಯ ನೇಯ್ಗೆ ಎಲ್ಲವನ್ನೂ ದಿನಚರಿಯಲ್ಲಿ ದಾಖಲಿಸಿದರು. ಆ ಬರಹವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು.

ಅವರು ಹೊಳೆಯನ್ನು ದಾಟಿ ನಮ್ಮ ಸೀಮೆಗೆ ಬರಲಿಲ್ಲ. ಆದರೆ ಅದೇ 1800ರ ಜುಲೈಯಲ್ಲಿ ಗವರ್ನರ್ ಜನರಲ್ಲರ ಸಹೋದರ ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದು ಡಂಬಳದ ಕೋಟೆಯನ್ನು ಹಿಡಿದನು. ಅಣ್ಣನ ಆಜ್ಞೆಯಿಂದ ಒಬ್ಬರು ಲೇಖನಿ ಹಿಡಿದು ಹೊಳೆಯ ಆಚೆಗೆ ನಡೆಯುತ್ತಿದ್ದರೆ, ತಮ್ಮನು ಖಡ್ಗ ಹಿಡಿದು ಈಚೆಗೆ ಬಂದಿದ್ದನು. ಬುಕಾನನ್ ಅವರ ಸಮೀಕ್ಷೆಯ ಹಿಂದೆಯೂ ಕಂಪನಿಯ ಆದಾಯದ ಲೆಕ್ಕವಿತ್ತೆಂಬುದನ್ನು ಮರೆಯಲಾಗದು. ಅವರಿಗೆ ಗಿಡಗಳ ಹೆಸರನ್ನೂ ಗುಣವನ್ನೂ ಹೇಳಿಕೊಟ್ಟ ಒಕ್ಕಲಿಗರೂ ವೈದ್ಯರೂ, ಬಣ್ಣದಲ್ಲಿ ಬರೆದುಕೊಟ್ಟ ಚಿತ್ರಗಾರರೂ ಬಹುಮಟ್ಟಿಗೆ ಅನಾಮಧೇಯರಾಗಿಯೇ ಉಳಿದರು.

ಅನಂತರ ನೇಪಾಳದಲ್ಲಿ ಸಂಗ್ರಹಿಸಿದ ಸಸ್ಯಗಳನ್ನು ಅವರು ಲಂಡನ್ನಿಗೆ ಹೋದಾಗ ಸ್ನೇಹಿತ ಸ್ಮಿತ್ ಅವರಿಗೆ ಒಪ್ಪಿಸಿದರು. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಮಹಾಸಮೀಕ್ಷೆಯನ್ನು ನಡೆಸಿದರು. ಕೊನೆಗೆ ರಾಕ್ಸ್‌ಬರ್ಗ್ ಅವರು ಕುಳಿತಿದ್ದ ಕಲಕತ್ತೆಯ ಉದ್ಯಾನದ ಅಧಿಕಾರವು 1814ರಲ್ಲಿ ದೊರೆಯಿತಾದರೂ ಅದನ್ನು ಅನುಭವಿಸಿದ್ದು ಕೆಲವೇ ತಿಂಗಳು. 1815ರಲ್ಲಿ ಸ್ವದೇಶಕ್ಕೆ ಹೊರಟು ನಿಂತಾಗ ಅವರಿಗೆ ಭಾರಿ ಆಘಾತವೊದಗಿತು. ತಾವು ಬರೆಯಿಸಿದ ಚಿತ್ರಗಳನ್ನು ಕಂಪನಿಯ ಲಂಡನ್ನಿನ ಭಂಡಾರಕ್ಕೆ ಸ್ವತಃ ಒಪ್ಪಿಸಬೇಕೆಂದಿದ್ದ ಅವರ ಇಚ್ಛೆಯನ್ನು ಗವರ್ನರ್ ಜನರಲ್ ಮೋಯ್ರಾ ಮನ್ನಿಸದೆ, ಚಿತ್ರಗಳನ್ನು ಕಲಕತ್ತೆಯಲ್ಲಿಯೇ ತಡೆಹಿಡಿದರು. ಅದೇ ಫೆಬ್ರವರಿಯಲ್ಲಿ ಎಡಿನ್‌ಬರೋದಲ್ಲಿ ರಾಕ್ಸ್‌ಬರ್ಗ್ ಅವರೂ ಕಾಲವಶರಾದರು. ಇಪ್ಪತ್ತು ವರ್ಷಗಳ ಫಲವೂ, ಅದನ್ನು ಅರಿತು ಮೆಚ್ಚಬಲ್ಲ ಹಿರಿಯ ಮಿತ್ರನೂ ಒಂದೇ ಕಾಲದಲ್ಲಿ ಕೈಬಿಟ್ಟಂತಾಯಿತು.

ಆದರೂ ಅವರು ಧೃತಿಗೆಡಲಿಲ್ಲ. ಟಿಪ್ಪಣಿಗಳೂ ಒಣಸಸ್ಯಗಳೂ ಉಳಿದಿದ್ದವು. ಮಾತೃವಂಶದ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು ಸ್ಕಾಟ್ಲೆಂಡಿನಲ್ಲಿ ನೆಲಸಿ ಬರವಣಿಗೆಯಲ್ಲಿ ತೊಡಗಿದರು. ಗಂಗಾನದಿಯ ಮತ್ಸ್ಯಗಳ ಗ್ರಂಥವು 1822ರಲ್ಲಿ ಪ್ರಕಟವಾಯಿತು. ಇಂದು ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳ ಶಾಸ್ತ್ರೀಯ ವರ್ಣನೆಯು ಅದರಲ್ಲಿದೆ. ಮಲಬಾರಿನ ಸಸ್ಯಗಳನ್ನು ಕುರಿತು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದಿದ್ದ ಹಾರ್ಟಸ್ ಮಲಬಾರಿಕಸ್ ಗ್ರಂಥಕ್ಕೆ ವ್ಯಾಖ್ಯಾನವನ್ನು ರಚಿಸಿದರು. ನಮ್ಮ ಅಡುಗೆಮನೆಯ ತಮಾಲಪತ್ರದ ಶಾಸ್ತ್ರೀಯ ಹೆಸರಿನೊಡನೆ ಇಂದಿಗೂ ಬುಕಾನನ್-ಹ್ಯಾಮಿಲ್ಟನ್ ಎಂಬ ಸಂಕೇತವು ಕೂಡಿಕೊಂಡೇ ಬರುತ್ತದೆ. 1829ರ ಜೂನ್ 15ರಂದು ಅವರು ದಿವಂಗತರಾದರು. ಅವರ ಬಂಗಾಳದ ಸಮೀಕ್ಷೆಯು 1838ರಲ್ಲಿ ಬೇರೊಬ್ಬ ಸಂಪಾದಕರ ಹೆಸರಿನಲ್ಲಿ, ಮೊಟಕುಗೊಂಡು ಅಚ್ಚಾಯಿತು.

ಅಧಿಕಾರಿಗಳು ಚಿತ್ರಗಳನ್ನು ತಡೆದರು, ಸಂಪಾದಕರು ಹೆಸರನ್ನು ಮರೆಸಿದರು. ಆದರೆ ಮಿತ್ರರಿಗೆ ಕಳುಹಿಸಿದ ಎಲೆಯನ್ನೂ ಓಲೆಯನ್ನೂ ಯಾರೂ ಹಿಂದಕ್ಕೆ ಪಡೆಯಲಾಗಲಿಲ್ಲ. ವಿದ್ಯೆಯನ್ನು ಹಂಚಿಕೊಂಡದ್ದರಿಂದಲೇ ಬುಕಾನನ್ ಅವರು ಉಳಿದರು. ಡಂಬಳದ ಸಮೀಪದಲ್ಲಿಯೇ ಇರುವ ಕಪ್ಪತಗುಡ್ಡವು ಮೂಲಿಕೆಗಳ ಭಂಡಾರವೆಂದು ಪ್ರಖ್ಯಾತವಾಗಿದ್ದು, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅಲ್ಲಿಯ ಗಿಡಗಳಿಗೆ ಹಳ್ಳಿಯ ವೃದ್ಧರು ಹೇಳುವ ಹೆಸರುಗಳು ಅವರೊಡನೆಯೇ ಅಳಿಯುತ್ತಿವೆ. ಗಿಡವನ್ನು ಕೀಳದೆ, ಉದುರಿದ ಎಲೆಯ ಆಕಾರವನ್ನು ಬರೆದುಕೊಂಡು, ಹೆಸರು ಹೇಳಿದ ಹಿರಿಯರ ನಾಮಧೇಯವನ್ನೂ ಅದರ ಕೆಳಗೆ ನಮೂದಿಸುವ ಅಭ್ಯಾಸವನ್ನು ಅಧ್ಯಾಪಕರು ಮಕ್ಕಳಿಗೆ ಕಲಿಸಿದರೆ, ಬುಕಾನನ್ ಅವರಿಂದ ಕಲಿಯಬೇಕಾದುದನ್ನೂ ಅವರು ಬಿಟ್ಟುದನ್ನೂ ಒಟ್ಟಿಗೇ ಪೂರೈಸಿದಂತಾಗುವುದು.